ಆಯುಧವನ್ನು ಒಲ್ಲೆನೆಂಬವನ ಧರ್ಮ

ನಾಡಿನ ಗಡಿಯನ್ನು ಕಾಯುವ ಯೋಧನನ್ನು ಹೊಗಳದ ನಾಲಗೆಯಿಲ್ಲ. ಹೊಗಳುವುದು ಯುಕ್ತವೂ ಹೌದು. ಆದರೆ ಆರೋಗ್ಯವಂತನಾದ ಯುವಕನೊಬ್ಬನು, "ನಾನು ಸೈನ್ಯಕ್ಕೆ ಸೇರಲಾರೆ, ಕೊಲ್ಲುವುದನ್ನು ಕಲಿಯಲು ನನ್ನ ಮನಸ್ಸು ಒಪ್ಪದು" ಎಂದರೆ ಅವನನ್ನು ನಾವು ಹೇಗೆ ಕಾಣಬೇಕು? ಹೇಡಿಯೆಂದು ಹಳಿಯಬೇಕೆ, ದಯಾವಂತನೆಂದು ಮನ್ನಿಸಬೇಕೆ? ಈ ಪ್ರಶ್ನೆಯು ಯುದ್ಧಶಾಸ್ತ್ರಜ್ಞರದು ಮಾತ್ರವಲ್ಲ. ಶರಣರ ವಚನಗಳನ್ನು ನಿತ್ಯ ಪಾರಾಯಣ ಮಾಡುವ ನಮ್ಮ ಮನೆಗಳ ಹೊಸ್ತಿಲಿಗೂ ಅದು ಬಂದು ನಿಲ್ಲುತ್ತದೆ.

ತುರುವೇಕೆರೆ ಸೀಮೆಯ ಗೃಹಸ್ಥರೊಬ್ಬರು ಇಂಥದೊಂದು ಸಂಕಟವನ್ನು ನನ್ನೊಡನೆ ಹೇಳಿಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯನು ಹಲವು ವರ್ಷಗಳಿಂದ ಸೈನ್ಯದಲ್ಲಿದ್ದಾನೆ. ಕಿರಿಯನೂ ಅಣ್ಣನ ದಾರಿಯನ್ನೇ ಹಿಡಿಯುವನೆಂದು ಮನೆಯವರೆಲ್ಲರೂ ನಂಬಿದ್ದರು. ಅವನು ಓಟದಲ್ಲಿ ಗಟ್ಟಿಗ, ಶರೀರದಲ್ಲಿ ದೃಢ. ಭರ್ತಿಗೆ ಹೊರಡುವ ಮುನ್ನಾದಿನ ಅವನು ತಂದೆಯ ಮುಂದೆ ನಿಂತು ಹೋಗಲಾರೆನೆಂದನಂತೆ. ನೆಂಟರಿಷ್ಟರು ನಕ್ಕರು, ಸೋದರಮಾವನು ಎಲ್ಲರೆದುರಿಗೆ ಹೇಡಿಯೆಂದನು. ತಂದೆಯು ಅಂದಿನಿಂದ ಮಗನೊಡನೆ ಮನಬಿಚ್ಚಿ ಮಾತನಾಡಿಲ್ಲ. ಅಟ್ಟದಿಂದ ಕಾಯಿಗಳನ್ನು ಇಳಿಸಿ ಸುಲಿಸುತ್ತಿದ್ದ ಒಂದು ದಿನ ಅವರು ನನ್ನನ್ನು ಕೇಳಿದರು: "ಮೇಷ್ಟ್ರೇ, ನೀವು ವಚನ ಓದಿದವರು. ನನ್ನ ಮಗ ಹೇಡಿಯೋ, ಧರ್ಮದವನೋ, ನೀವೇ ಹೇಳಿ."

ಅಂದು ನಾನು ಕೂಡಲೇ ಉತ್ತರಿಸಲಾರದೆ ಹೋದೆ. ಆಮೇಲೆ ವಿಚಾರ ಮಾಡಿ ಕಂಡುಕೊಂಡುದನ್ನು ಇಲ್ಲಿ ಸದ್ಭಕ್ತರ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ದೇಶದ ಸ್ಥಿತಿಯನ್ನು ತಿಳಿಯೋಣ. ಭಾರತದಲ್ಲಿ ಕಡ್ಡಾಯ ಸೈನ್ಯಸೇವೆಯಿಲ್ಲ. ಸೇರುವವನು ಸ್ವಇಚ್ಛೆಯಿಂದ ಸೇರುತ್ತಾನೆ. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸುವ ಅಧಿಕಾರವನ್ನು ಸಂವಿಧಾನದ 23ನೆಯ ಅನುಚ್ಛೇದವು ರಾಜ್ಯಕ್ಕೆ ಉಳಿಸಿಕೊಟ್ಟಿದೆ; ಕರೆ ಬಂದಾಗ ದೇಶವನ್ನು ರಕ್ಷಿಸುವುದನ್ನು 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳು ಹೇಳುತ್ತವೆ; ಅಂತಃಕರಣದ ಸ್ವಾತಂತ್ರ್ಯವನ್ನು 25ನೆಯ ಅನುಚ್ಛೇದವು ಕೊಡುತ್ತದೆ. ಹೀಗೆ ಕರ್ತವ್ಯವೂ ಅಂತಃಕರಣವೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿವೆ. ಇವೆರಡರ ನಡುವೆ ಘರ್ಷಣೆಯಾಗುವ ಕಾಲವು ನಮಗೆ ಬಂದಿಲ್ಲವಾದುದರಿಂದ ಪ್ರಶ್ನೆಯು ಮಲಗಿದೆಯೇ ಹೊರತು ಇಲ್ಲವಾಗಿಲ್ಲ.

ಸೈನ್ಯಕ್ಕೆ ಹೋಗದಿರುವವರೆಲ್ಲರೂ ಒಂದೇ ಕಾರಣದಿಂದ ಹೋಗದಿರುವವರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ತೆಂಗಿನ ಸೀಮೆಯನ್ನೇ ನೋಡಿರಿ. ತೆಂಗಿನ ಸಸಿಯನ್ನು ನೆಟ್ಟವನು ಫಲ ಕಾಣಲು ಆರೇಳು ವರ್ಷ ಕಾಯಬೇಕು. ಆಮೇಲೆ ಆ ಮರವು ಎರಡು ತಲೆಮಾರುಗಳಿಗೆ ಫಲ ಕೊಡುತ್ತದೆ. ಬಲಿತ ಕಾಯಿಯು ಉಂಡೆ ಕೊಬ್ಬರಿಯಾಗಬೇಕಾದರೆ ಸಿಪ್ಪೆಯ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು. ಇಂತಹ ಬೇಸಾಯವು ಮನುಷ್ಯನನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ವೃದ್ಧರಾದ ತಂದೆತಾಯಿಗಳು, ನೀರು ಕಾಣಬೇಕಾದ ತೋಟ, ಮದುವೆಯಾಗಬೇಕಾದ ತಂಗಿ ಇವೆಲ್ಲ ಮನೆಯಲ್ಲಿ ಉಳಿಯಲು ನ್ಯಾಯವಾದ ಕಾರಣಗಳೇ. 2022ರಲ್ಲಿ ಅಗ್ನಿಪಥ ಯೋಜನೆ ಬಂದು, ಹೊಸದಾಗಿ ಸೇರುವ ಸಿಪಾಯಿಗೆ ನಾಲ್ಕು ವರ್ಷದ ಸೇವೆಯೆಂದೂ, ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಮುಂದುವರಿಯುವರೆಂದೂ ಗೊತ್ತಾದ ಮೇಲೆ, ಜೀವನೋಪಾಯದ ಲೆಕ್ಕದಿಂದ ಹಿಂದೆಗೆದವರೂ ಉಂಟು. ಇನ್ನು ಕೆಲವರು ಪ್ರಾಣಭಯದಿಂದ ಹೋಗುವುದಿಲ್ಲ, ಅದೂ ಮನುಷ್ಯಸಹಜವೇ. ಈ ಕಾರಣಗಳಿಗೆ ದೊಡ್ಡ ಹೆಸರನ್ನು ಇಡಬೇಕಾಗಿಲ್ಲ. ತೋಟಕ್ಕಾಗಿ ಉಳಿದವನು ತೋಟಕ್ಕಾಗಿ ಉಳಿದೆನೆಂದೇ ಹೇಳಲಿ. ಅಹಿಂಸೆಗಾಗಿ ಉಳಿದೆನೆಂದು ಹೇಳಿದರೆ ಅದು ಸುಳ್ಳು. ಆಯುಧವೇ ತನಗೆ ಸಲ್ಲದೆಂದು ಅಂತರಂಗದಿಂದ ಒಲ್ಲೆನೆನ್ನುವವನ ವಿಚಾರ ಬೇರೆ. ಈ ಲೇಖನವು ಅವನನ್ನು ಕುರಿತದ್ದು.

ನಮ್ಮ ನಾಡು ವೀರನನ್ನು ಗೌರವಿಸದ ನಾಡಲ್ಲ. ನಮ್ಮ ಕೆರೆ ಏರಿಗಳ ಬಳಿ, ಗುಡಿಗಳ ಹಿತ್ತಿಲಲ್ಲಿ, ಹೊಲದ ಬದುಗಳಲ್ಲಿ ವೀರಗಲ್ಲುಗಳು ನಿಂತಿವೆ. ಊರಿನ ತುರುಗಳನ್ನು ಕಳ್ಳರಿಂದ ಬಿಡಿಸಿ ತಂದು ಮಡಿದವನಿಗೆ, ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿ ಮಡಿದವನಿಗೆ ಹಿಂದಿನವರು ಕಲ್ಲು ನಿಲ್ಲಿಸಿದರು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಕಾದಿ ಮಡಿದವನಿಗೆ ಶಿವಸಾನ್ನಿಧ್ಯ ದೊರೆಯುವುದೆಂಬ ನಂಬಿಕೆಯೇ ಈ ಶಿಲ್ಪದ ಅರ್ಥ.

ಆದರೆ ದಂಡಿಗೆ ಇನ್ನೊಂದು ಮುಖವೂ ಉಂಟು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ, ಅವನ ಪಕ್ಷ ವಹಿಸಿದ್ದ ಪರಶುರಾಮ ಭಾವೂವಿನ ಮರಾಠಾ ಸೈನ್ಯವು ಚಿಕ್ಕನಾಯಕನಹಳ್ಳಿಯನ್ನು ಸೂರೆಗೊಂಡಿತು. ತೆಂಗು ಅಡಕೆಗಳ ನಡುವೆ ಇದ್ದ ಆ ಊರಿನವರಿಗೆ ದೂರದ ಆ ಯುದ್ಧದಿಂದ ಆಗಬೇಕಾದುದೇನೂ ಇರಲಿಲ್ಲ. ಸೂರೆ ಮಾಡಿದವರಲ್ಲಿಯೂ ತಮ್ಮ ತಮ್ಮ ಊರಿನಲ್ಲಿ ವೀರರೆನಿಸಿಕೊಂಡವರು ಇದ್ದಿರಬೇಕು. ಒಂದೇ ಕತ್ತಿಯು ಒಂದು ಊರಿನಲ್ಲಿ ರಕ್ಷಣೆಯೆನಿಸಿ ಮತ್ತೊಂದು ಊರಿನಲ್ಲಿ ಸೂರೆಯೆನಿಸುತ್ತದೆ. ಕತ್ತಿಯನ್ನು ಹಿಡಿದವನಿಗೆ ಅದನ್ನು ಯಾವ ಊರಿನ ಮೇಲೆ ಎತ್ತಬೇಕೆಂಬ ಆಯ್ಕೆ ಬಹುಮಟ್ಟಿಗೆ ಇರುವುದಿಲ್ಲ. ಅಂತಃಕರಣದಿಂದ ಒಲ್ಲೆನೆನ್ನುವವನ ಮೊದಲ ಕಾರಣವು ಇಲ್ಲಿದೆ. ತನ್ನ ಕೈಯ ಮೇಲಿನ ಒಡೆತನವನ್ನು ಮತ್ತೊಬ್ಬನ ಆಜ್ಞೆಗೆ ಒಪ್ಪಿಸಿಬಿಡಲು ಅವನು ಅಂಜುತ್ತಾನೆ.

ಇನ್ನು ಹನ್ನೆರಡನೆಯ ಶತಮಾನದ ಶರಣರು ಮಾಡಿದುದೇನೆಂಬುದನ್ನು ವಿಚಾರಿಸೋಣ. ವೀರಗಲ್ಲಿನ ಮೇಲಂಕಣದಲ್ಲಿದ್ದ ಲಿಂಗವನ್ನು ಅವರು ಕೆಳಗಿಳಿಸಿ ತಂದರು. ರಣರಂಗದಲ್ಲಿ ಮಡಿದವನಿಗೆ ಮಾತ್ರ ಸಿಕ್ಕುವ ಪದವಿಯಾಗಿದ್ದ ಶಿವಸಾನ್ನಿಧ್ಯವು ಅವರಿಂದಾಗಿ ಬದುಕಿ ದುಡಿಯುವವನ ಅಂಗೈಗೆ ಬಂದಿತು. ಬಟ್ಟೆ ಒಗೆಯುವವನಿಗೆ, ದೋಣಿ ನಡೆಸುವವನಿಗೆ, ಕಸ ಗುಡಿಸುವವಳಿಗೆ, ಸೌದೆ ಹೊರುವವನಿಗೆ ಲಿಂಗವು ಕರಸ್ಥಲದಲ್ಲಿಯೇ ದೊರೆಯಿತು. ಅದಕ್ಕಾಗಿ ಯಾರನ್ನೂ ಕೊಲ್ಲಬೇಕಾಗಿಲ್ಲ, ತಾನೂ ಸಾಯಬೇಕಾಗಿಲ್ಲ. ಇದು ವೀರತ್ವದ ನಿರಾಕರಣೆಯಲ್ಲ, ವೀರತ್ವದ ಸ್ಥಾನಾಂತರ. ಹಿಡಿದ ವ್ರತವನ್ನು ಎಂತಹ ಕಷ್ಟ ಬಂದರೂ ಬಿಡದಿರುವುದೇ ಶರಣರ ಕಣ್ಣಿಗೆ ವೀರ.

ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡವರು. ಕೊಲ್ಲದಿರುವುದನ್ನು ಅವರು ಕದಿಯದಿರುವುದರ ಜೊತೆಗೆ, ಸುಳ್ಳಾಡದಿರುವುದರ ಜೊತೆಗೆ, ಕೋಪಿಸದಿರುವುದರ ಜೊತೆಗೆ ಒಂದೇ ಸಾಲಿನಲ್ಲಿಟ್ಟು, ಅಂತರಂಗ ಬಹಿರಂಗ ಶುದ್ಧಿಗಳೆರಡೂ ಇದರಿಂದಲೇ ಎಂದು ಬೋಧಿಸಿದರು. ದಸರಯ್ಯನೆಂಬ ಶರಣನ ಕಥೆಯನ್ನು ಹಿರಿಯರಿಂದ ಕೇಳಿದ್ದೇವೆ. ಗಿಡಕ್ಕೆ ನೋವಾದೀತೆಂದು ಅವನು ಹೂವನ್ನು ಕೀಳದೆ, ತಾನಾಗಿ ಬಿದ್ದ ಹೂವನ್ನೇ ಆಯ್ದು ಪೂಜೆಗೆ ತರುತ್ತಿದ್ದನಂತೆ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದವನೆಂದೂ, ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಮಾರುವ ಕಾಯಕವನ್ನು ಹಿಡಿದನೆಂದೂ ಪರಂಪರೆ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಾರಯ್ಯನು ಖಡ್ಗವನ್ನು ಕೆಳಗಿಟ್ಟುದು ನಿಜ. ಆದರೆ ಕೈಗಳನ್ನು ಬರಿದಾಗಿ ಇಟ್ಟುಕೊಳ್ಳಲಿಲ್ಲ. ಖಡ್ಗಕ್ಕಿಂತ ಭಾರವಾದುದನ್ನು ತಲೆಯ ಮೇಲೆ ಹೊತ್ತನು.

ಇಲ್ಲಿ ಒಂದು ಬಲವಾದ ಆಕ್ಷೇಪವು ಬರುತ್ತದೆ. "ಮಡಿವಾಳ ಮಾಚಿದೇವರು ಖಡ್ಗ ಹಿಡಿಯಲಿಲ್ಲವೆ? ಕಲ್ಯಾಣದಿಂದ ಹೊರಟ ಶರಣರನ್ನೂ ವಚನಗಳ ಕಟ್ಟುಗಳನ್ನೂ ರಕ್ಷಿಸಲು ಅವರು ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದಿದರಲ್ಲವೆ? ಪಂಚಾಚಾರಗಳಲ್ಲಿ ಗಣಾಚಾರವು ಅನ್ಯಾಯವನ್ನು ಸಹಿಸಬಾರದೆಂದು ವಿಧಿಸುವುದಲ್ಲವೆ?" ಆಕ್ಷೇಪವು ಸತ್ಯವಾದುದು. ಇದನ್ನು ಮರೆಮಾಚಿ ಶರಣಧರ್ಮವನ್ನು ಬರಿಯ ಸೌಮ್ಯಧರ್ಮವೆಂದು ಹೇಳುವುದು ಪ್ರಾಮಾಣಿಕವಲ್ಲ. ಹರಳಯ್ಯ ಮಧುವರಸರಿಗೆ ಕ್ರೂರ ಶಿಕ್ಷೆಯಾದ ಮೇಲೆ ಕಲ್ಯಾಣದಲ್ಲಿ ಎರಡು ದಾರಿಗಳು ಕಂಡವು. ಕೆಲವರು ಸೇಡಿಗೆ ಸೇಡೆಂದರು; ಬಿಜ್ಜಳನ ಕೊಲೆಯೂ ಆಯಿತು. ಅತ್ತ ಬಸವಣ್ಣನವರು, ದಣ್ಣಾಯಕರೆಂದು ಹೆಸರಾಗಿದ್ದವರು, ಅಧಿಕಾರವನ್ನು ತ್ಯಜಿಸಿ ಕೂಡಲಸಂಗಮದ ಹಾದಿ ಹಿಡಿದರು. ಕಾವ್ಯಪುರಾಣಗಳು ಈ ಘಟನೆಗಳನ್ನು ಬೇರೆ ಬೇರೆಯಾಗಿ ನಿರೂಪಿಸಿದರೂ, ಇವೆರಡು ಮನೋಧರ್ಮಗಳು ಒಂದೇ ಶರಣಗಣದಲ್ಲಿ ಇದ್ದವೆಂಬುದು ಸ್ಪಷ್ಟ. ನಾವು ಸಂಗಮದ ಕಡೆಗೆ ನಡೆದವರನ್ನು ಗುರುವೆನ್ನುತ್ತೇವೆ. ಮಾಚಿದೇವರನ್ನೂ ಕೈಮುಗಿದು ನೆನೆಯುತ್ತೇವೆ.

ಪಂಚಾಚಾರಗಳನ್ನು ಎಣಿಸುವಾಗ ಗಣಾಚಾರದ ಬೆನ್ನಿಗೇ ಭೃತ್ಯಾಚಾರವು ಬರುತ್ತದೆ. ಗಣಾಚಾರವೆಂದರೆ ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ಭೃತ್ಯಾಚಾರವೆಂದರೆ ಎಲ್ಲರಿಗೂ ತಾನು ಕಿರಿಯನೆಂದು ತಿಳಿದು ಸೇವೆ ಮಾಡುವುದು. ಆಯುಧವನ್ನು ಹಿಡಿದವನಿಗೆ ಇವೆರಡೂ ಬೇಕು. ಭೃತ್ಯಾಚಾರವಿಲ್ಲದ ಯೋಧನು ಸೂರೆಗಾರನಾಗುತ್ತಾನೆ. ಆಯುಧವನ್ನು ಒಲ್ಲೆನೆಂದವನಿಗೂ ಇವೆರಡೂ ಬೇಕು. ಅವನು ಬಿಟ್ಟುದು ಆಯುಧವನ್ನು ಮಾತ್ರ. ಅನ್ಯಾಯವನ್ನು ಎದುರಿಸುವ ಹೊಣೆಯನ್ನಲ್ಲ, ಸೇವೆಯ ಹೊಣೆಯನ್ನಲ್ಲ. ಆ ಹೊಣೆಗಳನ್ನೂ ಕೆಳಗಿಳಿಸಿ, ಉಳಿದ ಬರಿಗೈಯನ್ನು ದಯೆಯೆಂದು ತೋರಿಸುವವನು ಆಚಾರಭ್ರಷ್ಟನೇ ಸರಿ.

ಲೋಕದ ಇತಿಹಾಸದಲ್ಲಿ ಹೀಗೆ ಹೊಣೆ ಹೊತ್ತು ಒಲ್ಲೆನೆಂದವರು ಇದ್ದಾರೆ. 1916ರಲ್ಲಿ ಇಂಗ್ಲೆಂಡು ಕಡ್ಡಾಯ ಸೈನ್ಯಸೇವೆಯನ್ನು ತಂದಾಗ, ಅಂತಃಕರಣದ ಕಾರಣದಿಂದ ವಿನಾಯಿತಿ ಕೇಳುವ ಅವಕಾಶವನ್ನೂ ಕಾನೂನಿನಲ್ಲಿಯೇ ಇಟ್ಟಿತು. ಆ ಯುದ್ಧಕಾಲದಲ್ಲಿ ಸುಮಾರು 16,000 ಜನರು ಹಾಗೆ ನಿರಾಕರಿಸಿದರು. ಅವರಲ್ಲಿ ಅನೇಕರು ಗಾಯಾಳುಗಳನ್ನು ಹೊತ್ತು ತರುವ ಕೆಲಸಕ್ಕೆ ಗುಂಡಿನ ನಡುವೆಯೇ ಹೋದರು. ಸಾವಿರಾರು ಜನ ಸೆರೆಮನೆ ಸೇರಿದರು. ಆಸ್ಟ್ರಿಯಾದ ಒಂದು ಹಳ್ಳಿಯಲ್ಲಿ ಫ್ರಾಂಜ್ ಯೇಗರ್‌ಸ್ಟೆಟರ್ ಎಂಬ ರೈತನಿದ್ದನು. ಹೆಂಡತಿ, ಮೂವರು ಹೆಣ್ಣುಮಕ್ಕಳು, ಹೊಲ, ದನ ಎಲ್ಲವೂ ನಮ್ಮ ಗೃಹಸ್ಥರಂತೆಯೇ. ಹಿಟ್ಲರನ ಯುದ್ಧವು ಅನ್ಯಾಯದ ಯುದ್ಧವೆಂದು ತಿಳಿದು ಆಯುಧ ಹಿಡಿಯಲು ಒಪ್ಪಲಿಲ್ಲ. ಗಾಯಾಳುಗಳ ಶುಶ್ರೂಷೆಯಾದರೆ ಮಾಡುವೆನೆಂದನು. 1943ರ ಆಗಸ್ಟ್ 9ರಂದು ಅವನ ಶಿರಚ್ಛೇದವಾಯಿತು.

ನಮ್ಮ ದೇಶದಲ್ಲಿ 1940ರ ಅಕ್ಟೋಬರ್ 17ರಂದು ವಿನೋಬಾ ಭಾವೆಯವರು ಪವನಾರದಲ್ಲಿ ಯುದ್ಧವಿರೋಧದ ಭಾಷಣ ಮಾಡಿ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಬ್ರಿಟಿಷರ ಯುದ್ಧಕ್ಕೆ ಜನವನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪೆಂಬುದೇ ಅದರ ಸಾರ. ಸತ್ಯಾಗ್ರಹಿಯು ತಾನು ಎಲ್ಲಿ, ಯಾವಾಗ ಮಾತನಾಡುವೆನೆಂಬುದನ್ನು ಮುಂಚಿತವಾಗಿ ಅಧಿಕಾರಿಗಳಿಗೆ ತಿಳಿಸಬೇಕೆಂಬುದು ಗಾಂಧೀಜಿಯವರ ನಿಯಮ. ಅಂದರೆ ಓಡಿಹೋಗುವ ದಾರಿಯನ್ನು ತಾನೇ ಮುಚ್ಚಿಕೊಂಡು ಒಲ್ಲೆನೆನ್ನಬೇಕು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಂದಲೂ ಅನೇಕರು ಸೆರೆಮನೆಗೆ ನಡೆದರು. ಇದಕ್ಕೂ ಮೊದಲು, 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಒಪ್ಪದೆ ಚಂದ್ರಸಿಂಹ ಗಢವಾಲಿಯೂ ಅವನ ಸಂಗಡಿಗರೂ ಶಿಕ್ಷೆಗೆ ತಲೆಯೊಡ್ಡಿದರು. ಅವರು ಸೈನಿಕರೇ, ರಣದಲ್ಲಿ ಹಿಂದೆಗೆದವರಲ್ಲ. ಒಲ್ಲೆನೆಂಬ ಮಾತು ಹೇಡಿಯ ಬಾಯಿಂದ ಮಾತ್ರ ಬರುವುದೆಂಬ ಭ್ರಮೆಯನ್ನು ಈ ಒಂದು ಉದಾಹರಣೆಯೇ ಕಳೆಯುತ್ತದೆ. ನಮ್ಮ ಸಮಾಜದಲ್ಲಿಯೇ ಹರ್ಡೇಕರ ಮಂಜಪ್ಪನವರು ಬಸವಧರ್ಮವನ್ನೂ ಗಾಂಧೀಜಿಯ ಅಹಿಂಸೆಯನ್ನೂ ತಮ್ಮ ಒಂದೇ ಬಾಳಿನಲ್ಲಿ ಕೂಡಿಸಿ ತೋರಿಸಿದರು.

"ಎಲ್ಲರೂ ಹೀಗೆ ಒಲ್ಲೆನೆಂದರೆ ದೇಶದ ಗತಿಯೇನು?" ಎಂದು ಕೇಳುವವರುಂಟು. 1962ರಲ್ಲಿ, 1965ರಲ್ಲಿ ಗಡಿಯಲ್ಲಿ ಯಾರೂ ನಿಲ್ಲದಿದ್ದರೆ ಏನಾಗುತ್ತಿತ್ತೆಂದು ಅವರು ಕೇಳುವುದು ನ್ಯಾಯವಾಗಿದೆ. ಇದಕ್ಕೆ ಚೆಂದದ ಉತ್ತರ ಕೊಟ್ಟು ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಸೈನ್ಯವೇ ಬೇಡವೆಂದು ಹೇಳುವ ಶಕ್ತಿ ಇಂದಿನ ಯಾವ ದೊಡ್ಡ ರಾಜ್ಯಕ್ಕೂ ಇಲ್ಲ. ನಾನೂ ಹಾಗೆ ಹೇಳಲಾರೆ. ಆಯುಧವನ್ನು ಒಲ್ಲದವನು ತಾನು ನಿಶ್ಚಿಂತೆಯಿಂದ ಮಲಗುವ ರಾತ್ರಿಯನ್ನು ಮತ್ತೊಬ್ಬನು ಹಿಮದಲ್ಲಿ ನಿಂತು ಕಾಯುತ್ತಿರುವನೆಂಬ ಸತ್ಯವನ್ನು ಮರೆಯಬಾರದು. ಅದು ಅವನ ಮೇಲಿನ ಋಣ. ಋಣವಿಲ್ಲವೆಂದು ಹೇಳುವವನ ಅಹಿಂಸೆಯು ಪರಾನ್ನದ ಅಹಿಂಸೆ. ಆದರೆ ಈ ಆಕ್ಷೇಪಕ್ಕೆ ಮರುಪ್ರಶ್ನೆಯೂ ಒಂದಿದೆ: ಒಲ್ಲೆನೆಂಬವನು ಒಬ್ಬನೂ ಇಲ್ಲದ ಸಮಾಜದಲ್ಲಿ, ಕತ್ತಿಯು ರಕ್ಷಣೆಯನ್ನು ಬಿಟ್ಟು ಸೂರೆಗೆ ತಿರುಗಿದಾಗ, ಅದನ್ನು ತಡೆದು ಕೇಳುವವರು ಯಾರು?

ಹಾಗಾದರೆ ನಿಜವಾದ ನಿರಾಕರಣೆಯನ್ನು ಗುರುತಿಸುವುದು ಹೇಗೆ? ನಮ್ಮ ಸೀಮೆಯ ಪ್ರತಿಯೊಬ್ಬ ರೈತನಿಗೂ ಗೊತ್ತಿರುವ ದೃಷ್ಟಾಂತವೊಂದಿದೆ. ಅಟ್ಟದ ಮೇಲಿನ ಕಾಯಿಗಳೆಲ್ಲ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಒಂದರ ಒಳಗೆ ಉಂಡೆ ಕೊಬ್ಬರಿ ಇರಬಹುದು, ಇನ್ನೊಂದರ ಒಳಗೆ ಕೊಳೆತದ್ದು ಇರಬಹುದು. ತಿಳಿದವನು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾನೆ. ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟಿದ್ದರೆ ಒಳಗೆ ಗಟಗಟನೆ ಶಬ್ದವಾಗುತ್ತದೆ. ಮನುಷ್ಯನ ಒಲ್ಲೆನೆಂಬ ಮಾತನ್ನೂ ಹಾಗೆಯೇ ಅಲುಗಿಸಿ ಕೇಳಬೇಕು. ಇದಕ್ಕೆ ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು: ಗಡಿಯಲ್ಲಿ ಕೊಲ್ಲಲಾರೆನೆನ್ನುವವನು ಮನೆಯಲ್ಲಿ ಹೇಗಿದ್ದಾನೆ? ಬದುವಿನ ಗೇಣು ನೆಲಕ್ಕಾಗಿ ದಾಯಾದಿಯ ಮೇಲೆ ಮಚ್ಚು ಎತ್ತುವವನು, ಎತ್ತಿನ ಬೆನ್ನನ್ನು ಬಾರುಕೋಲಿನಿಂದ ಸುಲಿಯುವವನು, ಹೆಂಡತಿಯ ಮೇಲೆ ಕೈಮಾಡುವವನು ಅಹಿಂಸೆಯ ಹೆಸರನ್ನು ಹೇಳಲು ಅರ್ಹನಲ್ಲ. ಎರಡನೆಯದು: ತನ್ನ ಮಾತಿಗೆ ಬೆಲೆ ತೆರಲು ಸಿದ್ಧನಿದ್ದಾನೆಯೆ? ನಮ್ಮ ದೇಶದಲ್ಲಿ ಒಲ್ಲೆನೆಂದವನಿಗೆ ಸೆರೆಮನೆಯಿಲ್ಲ. ಆದರೆ ನಗೆಪಾಟಲು ಉಂಟು, ಜರೆಯುವಿಕೆ ಉಂಟು. ಅದನ್ನು ಕೋಪವಿಲ್ಲದೆ ಸಹಿಸಬಲ್ಲನೆ? ಮೂರನೆಯದು: ಕತ್ತಿ ಹಿಡಿಯದ ಕೈಯಲ್ಲಿ ಏನನ್ನು ಹಿಡಿದಿದ್ದಾನೆ? ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಚಿಕ್ಕನಾಯಕನಹಳ್ಳಿ ಸೀಮೆಯ ಗೋಡೆಕೆರೆಯಲ್ಲಿ ಇಂದಿಗೂ ಅವರ ಹೆಸರಿನ ಕ್ಷೇತ್ರವಿದೆ. ರೋಗಿಯ ಶುಶ್ರೂಷೆ, ಮರದಿಂದ ಬಿದ್ದವನ ಮನೆಯ ನೊಗಕ್ಕೆ ಹೆಗಲು, ಹೂಳು ತುಂಬಿದ ಕೆರೆ, ಅಕ್ಷರವಿಲ್ಲದ ಮಗು ಇವೆಲ್ಲವೂ ಸೈನಿಕನಷ್ಟೇ ಶಿಸ್ತಿನ ಕಾಯಕವನ್ನು ಬೇಡುತ್ತವೆ.

ಈ ಮೂರು ಪ್ರಶ್ನೆಗಳನ್ನು ನಾನು ಆ ಗೃಹಸ್ಥರಿಗೆ ಹೇಳಿದೆ. ಮೊದಲನೆಯದನ್ನು ಕೇಳಿದೊಡನೆ ಅವರ ಮುಖ ತಗ್ಗಿತು. ಸ್ವಲ್ಪ ಹೊತ್ತಿನ ಮೇಲೆ ಅವರೆಂದರು: "ಹೋದ ವರ್ಷ ನಮ್ಮ ದಾಯಾದಿ ಬದು ಒತ್ತಿದಾಗ ನಾನು ಆಳು ಕಟ್ಟಿಕೊಂಡು ಹೊರಟಿದ್ದೆ. ಇವನು ಅಡ್ಡ ನಿಂತ. ಗೇಣು ನೆಲ ಹೋದರೆ ಹೋಗಲಿ, ಅಳತೆ ಮಾಡಿಸಿ ಕೇಳೋಣ ಅಂದ. ಆವತ್ತೂ ನಾನು ಅವನನ್ನು ಹೇಡಿ ಅಂದೆ, ಮೇಷ್ಟ್ರೇ." ಸೈನ್ಯದಲ್ಲಿರುವ ಅಣ್ಣನು ಏನೆಂದನೆಂದು ನಾನು ಕೇಳಿದೆ. "ಅವನು ಒಂದು ಮಾತೂ ಅನ್ನಲಿಲ್ಲ. ರಜಕ್ಕೆ ಬಂದಾಗ ತಮ್ಮನ ಜೊತೆಯಲ್ಲೇ ಉಂಡ, ತೋಟಕ್ಕೆ ಹೋದ" ಎಂದರು. ಆಗ ನನಗೆ ಹೊಳೆದುದಿಷ್ಟು: ಆ ಹುಡುಗನನ್ನು ಹೀಯಾಳಿಸಿದವರಲ್ಲಿ ಬಂದೂಕು ಹಿಡಿದವನು ಒಬ್ಬನೂ ಇರಲಿಲ್ಲ. ಆಯುಧದ ಭಾರವನ್ನು ಬಲ್ಲ ಅಣ್ಣನು ಮೌನವಾಗಿದ್ದನು. ಅದನ್ನು ಮುಟ್ಟದವರು ಕೂಗಾಡಿದರು.

ಉಳಿದೆರಡು ಪ್ರಶ್ನೆಗಳಿಗೆ ಆ ಹುಡುಗನು ಇನ್ನೂ ಉತ್ತರ ಕೊಡಬೇಕಾಗಿದೆ. ಕಾಯಿ ಅಟ್ಟವೇರಿದೆ, ಕೊಬ್ಬರಿಯಾಗಿದೆಯೆಂದು ಈಗಲೇ ಹೇಳುವಂತಿಲ್ಲ. ಆದರೆ ಮಾಗುವ ಮೊದಲೇ ಕಲ್ಲಿಗೆ ಹೊಡೆದು ಒಡೆಯುವವನು ಬೇಸಾಯಗಾರನಲ್ಲ. ಅವನೊಡನೆ ಕುಳಿತು ಮಾತನಾಡಿರೆಂದೂ, ಏನು ಕಾಯಕ ಹಿಡಿಯುವೆಯೆಂದು ಕೇಳಿರೆಂದೂ, ಕೇಳುವಾಗ ತಲೆತಗ್ಗಿಸದಂತೆ ಕೇಳಿರೆಂದೂ ಆ ತಂದೆಗೆ ಹೇಳಿ ಕಳುಹಿಸಿದೆ.

ಸದ್ಭಕ್ತರಾದ ನಾವು ಹೋದವನನ್ನು ಆದರಿಸೋಣ. ಅವನ ಮನೆಯ ತೋಟಕ್ಕೆ ನೀರು ಕಟ್ಟಲು ನೆರವಾಗೋಣ. ಒಲ್ಲೆನೆಂದವನನ್ನು ಜರೆಯದೆ, ಹೊಗಳಿ ಕೆಡಿಸದೆ, ಅವನಿಂದ ಕಾಯಕವನ್ನು ಬೇಡೋಣ. ಆಯುಧ ಹಿಡಿದ ಕೈಗೂ ಹಿಡಿಯದ ಕೈಗೂ ಅಂಗೈಯಲ್ಲಿರುವ ಲಿಂಗವೊಂದೇ. ಆ ಕೈ ದಿನವೂ ಏನು ಮಾಡಿತೆಂಬುದನ್ನು ಬೆಳಗಿನ ಪೂಜೆಯಲ್ಲಿ ಅದರ ಮುಂದೆ ಒಪ್ಪಿಸಬೇಕಾದವರು ನಾವೆಲ್ಲರೂ ಆಗಿದ್ದೇವೆ.